ಗೋಸುಂಬೆಗೊಂದು ಕೊಂಬೆ

ಚಂದ್ರನ ಮೇಲಿನ ಊರಿನಲ್ಲಿ ಮರಗಳಿರಲಿಲ್ಲ. ಹಾಗಾಗಿ ಪುಟ್ಟ ನೀಲವ್ವ ತನ್ನ ಗೋಸುಂಬೆಯ ಗಾಜಿನ ಗೂಡಿನಲ್ಲಿ ಪ್ಲಾಸ್ಟಿಕ್ ಕೊಂಬೆಗಳನ್ನು ನಿಲ್ಲಿಸಿದ್ದಳು. ಅವು ತೀರ ನುಣುಪು. ಗೋಸುಂಬೆ ಜಾರಿ ಜಾರಿ ಬಿದ್ದು, ಕೊನೆಗೆ ಮೂಲೆ ಸೇರಿ ತಿನ್ನುವುದನ್ನೇ ಬಿಟ್ಟಿತು.

“ಅಜ್ಜಾ, ಇದು ಸಾಯತೈತೇನ?” ಎಂದು ಹುಡುಗಿ ಅತ್ತಳು.

ಅಜ್ಜ ಫಕೀರಪ್ಪ ತನ್ನ ಬೇವಿನ ಕೋಲನ್ನು ನೋಡಿದ. ಮೈ ಹಗುರಾಗುವ ಆ ಊರಿನಲ್ಲಿ ಊರುಗೋಲು ಯಾರಿಗೂ ಬೇಕಿರಲಿಲ್ಲ. ಭೂಮಿಯಲ್ಲೇ ಮಣ್ಣಾದ ಹೆಂಡತಿ ಕಡಿದುಕೊಟ್ಟದ್ದೆಂದು ಅವನು ಅದನ್ನು ಹಿಡಿದೇ ಓಡಾಡುತ್ತಿದ್ದ. ಈಗ ಗರಗಸದಿಂದ ಕೊಯ್ದು ಗೂಡಿನೊಳಗೆ ಓರೆಯಾಗಿ ಕಟ್ಟಿದ.

“ಅಜ್ಜಿ ಕೊಟ್ಟ ಕೋಲಲ್ಲೇನ ಅದು?”

“ಹೌದವ್ವಾ. ಆಕಿ ಇದ್ದಿದ್ರ ನನಗಿಂತ ಮೊದ್ಲ ಕೊಯ್ತಿದ್ಲು.”

ಗೋಸುಂಬೆ ಒಂದು ಕಾಲಿಟ್ಟು ತೂಗಿ ನೋಡಿತು, ಮತ್ತೊಂದು ಇಟ್ಟಿತು. ತುದಿ ಮುಟ್ಟುವಷ್ಟರಲ್ಲಿ ಮೈಯೆಲ್ಲ ಹಸಿರಾಗಿತ್ತು. ಫಕೀರಪ್ಪ ಬರಿಗೈಯನ್ನು ಮೊಮ್ಮಗಳ ಹೆಗಲ ಮೇಲಿಟ್ಟ.