ಬೆದೆಗೆ ಬಂದ ಎಮ್ಮೆಯ ಕೂಗು

"ಬೆದಿಗೆ ಬಂದ ಎಮ್ಮಿ ಹೆಂಗ ಒದರತೈತಿ? ಒದರಿ ತೋರಸೋ ತಮ್ಮಾ," ಎಂದರು ಅಕ್ಕವ್ವ. ಚಿಕ್ಕೋಡಿಯ ವಿಜ್ಞಾನ ಪ್ರತಿಷ್ಠಾನಕ್ಕೆ ದತ್ತಿ ಕೊಟ್ಟ, ಸದಲಗಾದ ಹೈನುಗಾರ್ತಿ ಅವರು. ಎಂ.ಎಸ್ಸಿ.ಯಲ್ಲಿ ಚಿನ್ನ ಗೆದ್ದ ಅಮೋಲನದು ಕೂಗಿನಿಂದಲೇ ಎಮ್ಮೆಯ ಬೆದೆ ಗುರುತಿಸುವ ಸಂಶೋಧನೆ. ಈ ಸಂದರ್ಶನದಲ್ಲಿ ಶಿಷ್ಯವೇತನ ತಪ್ಪಿದರೆ ಅದು ಇಲ್ಲಿಗೇ ಮುಗಿದಂತೆ.

ಅಮೋಲ ಟೈ ಸಡಿಲಿಸಿ, ಕಣ್ಣು ಮುಚ್ಚಿ ಒದರಿದ. ಆಯ್ಕೆ ಸಮಿತಿಯ ಪ್ರೊಫೆಸರರು ನಗು ನುಂಗಿದರು. ಅಕ್ಕವ್ವ ನಗಲಿಲ್ಲ. "ಇದು ಹಸದ ಎಮ್ಮಿ ದನಿ. ಬೆದಿದಲ್ಲ."

ಸಮಿತಿಯ ಅಧ್ಯಕ್ಷರು ಅವನ ಅರ್ಜಿ ಮುಚ್ಚಿದರು. ಅಮೋಲ ಫೋನಿನ ರೆಕಾರ್ಡರ್ ಒತ್ತಿ ಅಕ್ಕವ್ವನ ಮುಂದಿಟ್ಟ. "ಹಂಗಾದ್ರ ಖರೇ ಕೂಗು ನೀವ ಕೂಗ್ರಿ ಅಕ್ಕಾರ."

ಅಕ್ಕವ್ವ ಸೆರಗು ಹೊದ್ದು, ಕಿಟಕಿ ಗಾಜು ನಡುಗುವಂತೆ ಒದರಿದರು. ಆಮೇಲೆ ಅಧ್ಯಕ್ಷರತ್ತ ತಿರುಗಿದರು. "ಮುಚ್ಚಿದ ಆ ಅರ್ಜಿ ಮತ್ತ ತೆಗೀರಿ ಸಾಹೇಬ್ರ. ಮುಂಜಾನಿಂದ ಬಂದಾವ್ರೆಲ್ಲಾ ರೊಕ್ಕ ಕೇಳ್ಯಾರ. ಇಂವ ಒಬ್ಬಾಂವ ಎಮ್ಮಿ ಮಾತು ಕೇಳಾಕತ್ತಾನ."