ಖಾಲಿ ಚುಕ್ಕೆ

“ಉತ್ತರ ಎಲ್ಲಿಂದ ಸಿಕ್ತು, ಟವೊಂಗಾ? ಈಗಲೇ ಹೇಳಿಬಿಟ್ರೆ ನಿನಗೇ ಒಳ್ಳೇದು.”

ಗಣಿತದ ಮೇಡಂ ನ್ಯಾಗೊಂಡ್ವೆ ಕೆಂಪು ಪೆನ್ನು ಕೆಳಗಿಟ್ಟರು. ಶಾಲೆಯ ಸ್ಟಾಫ್ ರೂಮಿನಲ್ಲಿ ಅವರ ಎದುರಿಗೆ ಟವೊಂಗಾ ಮಂಡಿಯೂರಿ ಕುಳಿತಿದ್ದಳು. ಕಳೆದ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಏಳು, ಈ ಸಲ ಹತ್ತೊಂಬತ್ತು. ಉತ್ತರಪತ್ರಿಕೆಗಳ ಅರ್ಧ ಕಟ್ಟು ತಿದ್ದುವಷ್ಟರಲ್ಲಿ ಆ ಅಂಕ ಮೇಡಂ ಕಣ್ಣು ಚುಚ್ಚಿತ್ತು.

ಅದಕ್ಕೆ ಕಾರಣವಿತ್ತು. ಶನಿವಾರ ಮೇಡಂ ತಮ್ಮ ಮನೆಯಲ್ಲಿ ಬೈಬಲಿನೊಳಗೆ ಇಟ್ಟಿದ್ದ ಈ ಪರೀಕ್ಷೆಯ ಉತ್ತರದ ಹಾಳೆ ಭಾನುವಾರ ನೋಡಿದರೆ ತಲೆಕೆಳಗಾಗಿತ್ತು. ಶನಿವಾರ ಮನೆಗೆ ಬಂದ ಹೊರಗಿನವಳು ಟವೊಂಗಾ ಒಬ್ಬಳೇ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಬಟ್ಟೆ ಒಗೆಯುತ್ತಾಳೆ, ಅದಕ್ಕೆ ಬದಲಾಗಿ ಮೇಡಂ ಪಾಠ ಹೇಳಿಕೊಡುತ್ತಾರೆ. ಬಸುರಾಗಿ ಶಾಲೆ ಬಿಟ್ಟವಳನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಹೆಡ್‌ಮಾಸ್ಟರಲ್ಲಿ ಗೋಗರೆದವರೂ ಅವರೇ. ಇನ್ನೊಂದು ತಪ್ಪಾದರೆ ಶಾಲೆ ಮುಗಿಯಿತು. ಆಮೇಲೆ ಅವಳಿಗೆ ಉಳಿಯುವುದು ಸರೋವರದ ದಂಡೆಯಲ್ಲಿ ಉಸಿಪಾ ಮೀನು ಒಣಗಿಸುವ ಕೆಲಸ. ಮೇಡಂಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು.

ಬಾಗಿಲಲ್ಲಿ ಅವರ ಮಗಳು ವೇಜಿ ನಿಂತಿದ್ದಳು. ಅವಳೂ ಅದೇ ತರಗತಿ.

“ಬಿಟ್ಬಿಡು ಅಮ್ಮಾ. ಇಷ್ಟು ಚಿಕ್ಕ ಪರೀಕ್ಷೆಗೆ ಇಷ್ಟೊಂದು ಯಾಕೆ?”

“ನಿನ್ನದು ಬೆಣ್ಣೆ ಮನಸ್ಸು. ಹೋಗಿ ಹೆಡ್‌ಮಾಸ್ಟರನ್ನ ಕರ್ಕೊಂಡು ಬಾ.”

ವೇಜಿ ಕಾಲೆಳೆಯುತ್ತ ಹೋದಳು.

“ನಾನು ಕದ್ದಿಲ್ಲ ಮೇಡಂ. ಕೂಸು ಮಲಗಿದಾಗೆಲ್ಲ ಲೆಕ್ಕ ಮಾಡಿದೀನಿ.”

“ಒಂದೇ ಒಂದು ತಪ್ಪು. ಅದೂ ಅನುಮಾನ ಬರದಿರಲಿ ಅಂತ ಬೇಕಂತಲೇ ಮಾಡಿದ್ದು, ಅಲ್ವಾ?”

ಟವೊಂಗಾ ಮೊದಲ ಸಲ ತಲೆಯೆತ್ತಿದಳು. “ಯಾವುದು ತಪ್ಪು?”

“ಒಂಬತ್ತನೇದು. ಸೂತ್ರಕ್ಕೆ ಹೊಂದೋ ನಕ್ಷೆ. ನೀನು ಬರೆದಿದ್ದು ಬಿ, ಉತ್ತರ ಸಿ.”

“ಸಿ ಹೇಗಾಗುತ್ತೆ ಮೇಡಂ? ಎಕ್ಸ್ ಎರಡಕ್ಕಿಂತ ಕಡಿಮೆ ಇದ್ದಾಗ ಕೆಳಗಿನ ಗೆರೆ. ಕಡಿಮೆ ಅಂದ್ರೆ ಎರಡು ಅದರಲ್ಲಿ ಸೇರಲ್ಲ, ಅದಕ್ಕೇ ಆ ಗೆರೆಯ ತುದೀಲಿ ಖಾಲಿ ಚುಕ್ಕೆ ಇರ್ಬೇಕು. ಎರಡರಿಂದ ಮುಂದಕ್ಕೆ ಮೇಲಿನ ಗೆರೆ, ಅಲ್ಲಿ ತುಂಬಿದ ಚುಕ್ಕೆ. ನೀವೇ ಹೇಳಿಕೊಟ್ಟಿದ್ದು.”

ಮೇಡಂ ಪ್ರಶ್ನೆಪತ್ರಿಕೆ ಎಳೆದುಕೊಂಡರು. ಬಿ ಮತ್ತು ಸಿ ನಕ್ಷೆಗಳಿಗೆ ವ್ಯತ್ಯಾಸ ಆ ಎರಡು ಚುಕ್ಕೆಗಳಲ್ಲಿ ಮಾತ್ರ. ಕಳೆದ ವರ್ಷದ ನಕ್ಷೆಗಳನ್ನೇ ಕತ್ತರಿಸಿ ಅಂಟಿಸುವಾಗ ಆ ಎರಡು ನಕ್ಷೆಗಳ ಜಾಗ ಅದಲುಬದಲಾಗಿತ್ತು. ಉತ್ತರದ ಹಾಳೆಯಲ್ಲಿ ಹಳೆಯ ಸಿ ಹಾಗೇ ಉಳಿದಿತ್ತು.

ಅಂದರೆ ಟವೊಂಗಾಗೆ ಇಪ್ಪತ್ತಕ್ಕೆ ಇಪ್ಪತ್ತು. ಆ ಹಾಳೆಯನ್ನು ಕದ್ದು ನೋಡಿದ್ದರೆ ಅವಳು ಸಿ ಎಂದೇ ಬರೆಯುತ್ತಿದ್ದಳು.

“ಏಳಮ್ಮ,” ಎನ್ನುತ್ತ ಮೇಡಂ ಹತ್ತೊಂಬತ್ತನ್ನು ಹೊಡೆದು ಇಪ್ಪತ್ತು ಬರೆದರು. “ತಪ್ಪು ನನ್ನದು.”

ನಾಚಿಕೆಯ ಬೆನ್ನಿಗೇ ಕೋಪ ಬಂತು. ಕದ್ದವರು ಬೇರೆ ಯಾರೋ. ಯಾರೇ ಆಗಲಿ, ಇವತ್ತು ಅವರನ್ನು ಬಿಡುವುದಿಲ್ಲ. ಸಿ ಎಂದು ಬರೆದವರಿಗಾಗಿ ಇಡೀ ಕಟ್ಟನ್ನು ಮಗುಚತೊಡಗಿದರು. ಎ, ಡಿ, ಖಾಲಿ, ಡಿ, ಎ. ಕಟ್ಟಿನ ತಳದಲ್ಲಿ ಸಿ ಕಂಡಾಗ ಕೈ ನಿಂತಿತು.

ಹೆಡ್‌ಮಾಸ್ಟರು ಒಳಗೆ ಬಂದು, “ಏನು ಮೇಡಂ, ಕಳ್ಳಿ ಒಪ್ಪಿಕೊಂಡಳಾ?” ಎಂದು ಕೇಳಿದರು.

“ಇನ್ನೂ ಕೇಳಿಲ್ಲ ಸರ್, ಮನೆಗೆ ಹೋಗಿ ಕೇಳ್ಬೇಕು,” ಎಂದು ಮೇಡಂ ಮಗಳ ಉತ್ತರಪತ್ರಿಕೆಯನ್ನು ಅವರ ಕೈಗೆ ಕೊಟ್ಟರು.