ಬೀಳೋ ಜಾಗ ನೋಡಿಟ್ಟವಳು

ಒಂದ್ನಿಮಿಷ ಕೂತ್ಕೊಂಡು ಓದಿ... ನಡೀತಾ ನಡೀತಾ ಓದೋ ಕಥೆ ಅಲ್ಲ ಇದು.

ತುಮಕೂರಲ್ಲಿ ಚಿಕ್ಕಲಿಂಗೇಗೌಡರು ಅಂತ. ಮೂವತ್ತು ಬಸ್ಸಿನ ಮಾಲೀಕರು. ಮಾತು ಜೋರು, ಕೋಪ ಅದಕ್ಕಿಂತ ಜೋರು.

ಶಿವಮೊಗ್ಗದಲ್ಲಿ ಮಗಳ ಗೃಹಪ್ರವೇಶ. ರಜಕ್ಕೆ ಅಂತ ತಾತನ ಮನೆಗೆ ಬಂದಿದ್ದ ಮೊಮ್ಮಗಳು ಧೃತಿನ ವಾಪಸ್ ಕರ್ಕೊಂಡು ಹೋಗ್ಬೇಕು. ಆರು ವರ್ಷದ ಕೂಸು.

"ಅಪ್ಪಾ, ಮಗೂನ ಕರ್ಕೊಂಡು ಸುಮ್ನೆ ಕಾರಲ್ಲೇ ಬನ್ನಿ..." ಅಂದ್ಲು ಮಗಳು.

ಗೌಡರು ಕೇಳ್ತಾರಾ? ಬಾಡಿಗೆ ಹೆಲಿಕಾಪ್ಟರ್ ಬುಕ್ ಮಾಡೇಬಿಟ್ರು. ಬೀಗರ ಕಣ್ಣೆದುರು ಆಕಾಶದಿಂದ ಇಳೀಬೇಕಲ್ಲ!

ಹೆಲಿಪ್ಯಾಡ್‌ಗೆ ಹೋದ್ರೆ ಪೈಲಟ್ ಒಬ್ಬಳು ಹೆಣ್ಣುಮಗಳು. ಕ್ಯಾಪ್ಟನ್ ದೇಚಮ್ಮ, ಕೊಡಗಿನವಳು.

"ಸರ್, ಗುಡ್ಡದ ಕಾಡಿನ ಮೇಲೆ ನೇರ ಹೋಗಲ್ಲ. ಹೊಲಗಳ ಮೇಲೆ ಸುತ್ತಿ ಹೋಗ್ತೀನಿ. ಹತ್ತು ನಿಮಿಷ ಜಾಸ್ತಿ ಆಗುತ್ತೆ."

"ಮುಹೂರ್ತ ಮೀರುತ್ತೆ ಕಣಮ್ಮ! ನೇರ ಹೋಗು."

"ಕಾಡಿನ ಮೇಲೆ ಏನಾದ್ರೂ ಆದ್ರೆ ಇಳಿಯೋಕೆ ಜಾಗ ಇರಲ್ಲ ಸರ್."

ಅಷ್ಟೇ. ಗೌಡರು ಎಷ್ಟು ಕೂಗಾಡಿದ್ರೂ ಅವಳು ಒಂದಿಂಚು ಜಗ್ಗಲಿಲ್ಲ.

ಧೃತಿನ ಹಿಂದೆ ಕೂರಿಸಿ, ಬೆಲ್ಟ್ ಹಾಕಿ, ಗೌಡರು ಪೈಲಟ್ ಪಕ್ಕ ಕೂತ್ರು. ಮೂವರ ಕಿವಿಗೂ ಹೆಡ್‌ಫೋನ್. ಹೆಲಿಕಾಪ್ಟರ್ ಎದ್ದಿತು... ಧೃತಿ ಕೇಕೆ ಹಾಕಿದ್ಲು.

ಸ್ವಲ್ಪ ಹೊತ್ತಿಗೆ ಗೌಡರ ಕಿವೀಲಿ ಏನೋ ಪಿಸುಮಾತು.

"ಸ್ಕೂಲ್ ಮೈದಾನ... ಇಳೀಬಹುದು. ತೆಂಗಿನ ತೋಟ... ಆಗಲ್ಲ. ಒಣಗಿರೋ ಕೆರೆ... ಇಳೀಬಹುದು."

ದೇಚಮ್ಮ ಕೆಳಗೆ ನೋಡ್ತಾ ತನ್ನಷ್ಟಕ್ಕೆ ತಾನೇ ಹೇಳ್ಕೋತಿದ್ಲು.

"ಏನಮ್ಮ ಅದು?"

"ಈಗ ಇಂಜಿನ್ ನಿಂತುಹೋದ್ರೆ ಎಲ್ಲಿ ಇಳಿಸೋದು ಅಂತ ನೋಡ್ತಾ ಇರ್ತೀನಿ ಸರ್. ಅಭ್ಯಾಸ."

ಗೌಡರು ಸೀಟಲ್ಲೇ ಅವಳ ಕಡೆ ತಿರುಗಿದ್ರು.

"ಬಿಡ್ತು ಅನ್ನು! ಶುಭಕಾರ್ಯಕ್ಕೆ ಹೊರಟಿದ್ದೀವಿ... ಮಗು ಬೇರೆ ಇದೆ! ನನ್ನ ಡ್ರೈವರ್ ಯಾವನಾದ್ರೂ ಹಿಂಗೆ ಬಸ್ ಪಲ್ಟಿ ಆಗೋ ಮಾತಾಡಿದ್ದಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದೆ!"

ದೇಚಮ್ಮ ಮತ್ತೆ ಕೆಳಗಿನ ಹೊಲಗಳ ಕಡೆ ಕಣ್ಣು ಹಾಕಿದ್ಲು. ಹಿಂದಿಂದ ಪುಟ್ಟ ದನಿ... "ಆಂಟೀ, ಅಲ್ಲಿ ಇಳೀಬಹುದಾ?" ಧೃತಿಗೆ ಅದು ಆಟ ಆಗಿಬಿಟ್ಟಿತ್ತು!

ಗೌಡರು ಫೋನ್ ತೆಗೆದು ಕಂಪನಿಯವರಿಗೆ ಟೈಪ್ ಮಾಡಿದ್ರು. "ಈ ಹುಡುಗಿನ ಇನ್ನೆಂದೂ ಕಳಿಸ್ಬೇಡಿ. ಬಾಯಿ ತೆಗೆದ್ರೆ ಅಪಶಕುನ. ಕೆಲಸದಿಂದ ತೆಗೀರಿ."

ನೆಟ್‌ವರ್ಕ್ ಇಲ್ಲ. ಮೆಸೇಜ್ ಪಕ್ಕ ಪುಟ್ಟ ಗಡಿಯಾರದ ಗುರುತು ಹಾಗೇ ನಿಂತಿತು.

ಅಷ್ಟರಲ್ಲಿ... ಢಬ್!

ಕಿವಿ ಸೀಳೋ ಅಲಾರಂ. ಇಂಜಿನ್ ಸದ್ದು ನಿಂತೇಹೋಯ್ತು. ಬರೀ ಗಾಳಿ ಸದ್ದು...

ದೇಚಮ್ಮ ಎಡಗೈಲಿದ್ದ ಲಿವರನ್ನ ಪೂರ್ತಿ ಕೆಳಗೆ ಒತ್ತಿದ್ಲು. ಹೆಲಿಕಾಪ್ಟರ್ ದಬದಬನೆ ಕೆಳಗಿಳಿಯೋಕೆ ಶುರುವಾಯ್ತು!

"ತಾತಾ!" ಅಂತ ಧೃತಿ ಕಿರುಚಿದ್ಲು.

ಅಯ್ಯೋ ದೇವರೇ... ಮಗಳಿಗೆ ಏನಂತ ಮುಖ ತೋರಿಸಲಿ? ಕಾರಲ್ಲಿ ಬನ್ನಿ ಅಂದಿದ್ಲಲ್ಲ!

ಗೌಡರು ಎರಡೂ ಕೈಯಿಂದ ದೇಚಮ್ಮನ ಕೈ ಹಿಡಿದು ಮೇಲಕ್ಕೆ ಎಳೆದ್ರು. "ಬೀಳಿಸ್ತಿದ್ದೀಯಲ್ಲೇ! ಮೇಲಕ್ಕೆತ್ತು! ಮೇಲಕ್ಕೆತ್ತು!"

"ಕೈ ಬಿಡಿ ಸರ್! ಈಗ ಎತ್ತಿದ್ರೆ ರೆಕ್ಕೆ ತಿರುಗೋದು ನಿಲ್ಲುತ್ತೆ. ಇಳೀತಾ ಇದ್ರೆ ಗಾಳಿಗೇ ತಿರುಗುತ್ತೆ. ಕೈ ಬಿಡಿ!"

ಬಿಡೋಕೆ ಆಗ್ತಿಲ್ಲ. ಬೆರಳು ಮಾತೇ ಕೇಳ್ತಿಲ್ಲ. ಕೆಳಗಿಂದ ಮರ, ಕರೆಂಟ್ ಕಂಬ, ಮನೆ... ಎಲ್ಲಾ ದೊಡ್ಡದಾಗ್ತಾ ಬರ್ತಿದೆ.

"ಎಲ್ಲಿಗಮ್ಮ... ಎಲ್ಲಿಗೆ ಹೋಗ್ತಿದ್ದೀವಿ?" ಗೌಡರು ಅಳ್ತಿದ್ರು.

"ಆಗ್ಲೇ ನೋಡಿಟ್ಟಿದ್ದೀನಿ ಸರ್. ರಾಗಿ ಕೊಯ್ದ ಹೊಲ, ಎಡಗಡೆ."

ಆ ಮಾತು ಕಿವಿಗೆ ಬಿದ್ದಿದ್ದೇ ಗೌಡರ ಕೈ ಸಡಿಲ ಆಯ್ತು.

ಇನ್ನೇನು ನೆಲಕ್ಕೆ ಬಡೀತು ಅನ್ನೋವಾಗ ದೇಚಮ್ಮ ಹೆಲಿಕಾಪ್ಟರ್ ಮೂತಿ ಮೇಲೆತ್ತಿದ್ಲು... ವೇಗ ಇಳೀತು... ಕೊನೇ ಗಳಿಗೇಲಿ ಮಾತ್ರ ಲಿವರ್ ಮೇಲಕ್ಕೆ ಎಳೆದ್ಲು. ಧಡ್! ಒಂದಷ್ಟು ದೂರ ಜಾರಿ, ಧೂಳೆಬ್ಬಿಸಿ, ನಿಂತಿತು.

ನಿಂತೇಬಿಟ್ಟಿತು.

ಗೌಡರು ಮೊಮ್ಮಗಳನ್ನ ಹೊರಗೆ ಎತ್ಕೊಂಡು ಓಡಿದ್ರು. ತಲೆ, ಕೈ, ಕಾಲು ಎಲ್ಲಾ ಮುಟ್ಟಿ ನೋಡಿದ್ರು. ಒಂದು ಗೀರೂ ಇಲ್ಲ!

ಕಣ್ಣೀರು ಒರೆಸ್ಕೊಂಡು ಧೃತಿ ಹೇಳಿದ್ಲು... "ತಾತ, ನನಗೆ ಇಲ್ಲಿ ಇಳೀಬಹುದು ಅಂತ ಗೊತ್ತಿತ್ತು. ನೀನು ಫೋನ್ ನೋಡ್ತಿದ್ದಾಗ ಆಂಟಿ ಹೇಳಿದ್ರು."

ಗೌಡರು ಹೊಲದಲ್ಲೇ ಕುಸಿದು ಕೂತ್ರು. ದೂರದಲ್ಲಿ ಗುಡ್ಡದ ಕಾಡು ಕಪ್ಪಗೆ ಕಾಣ್ತಿತ್ತು. ದೇಚಮ್ಮ ತಮ್ಮ ಮಾತು ಕೇಳಿದ್ದಿದ್ರೆ ಈಗ ಮೂವರೂ ಅದರ ಮೇಲಿರ್ತಿದ್ರು...

ದೇಚಮ್ಮ ಬಂದು ಪಕ್ಕದಲ್ಲಿ ಕೂತ್ಲು. ನೀರಿನ ಬಾಟಲಿ ಮುಚ್ಚಳ ತೆಗೆಯೋಕೆ ನೋಡಿದ್ಲು... ಅವಳ ಬೆರಳೂ ಮಾತು ಕೇಳ್ತಿಲ್ಲ.

"ನಿನಗೂ ಭಯ ಆಯ್ತಾ ತಾಯಿ?"

"ದಿನಾ ಆಗುತ್ತೆ ಸರ್. ಅದಕ್ಕೇ ದಿನಾ ಜಾಗ ನೋಡ್ತೀನಿ."

ಗೌಡರು ಮಗಳಿಗೆ ಫೋನ್ ಮಾಡೋಕೆ ಜೇಬಿಗೆ ಕೈ ಹಾಕಿದ್ರು. ಸ್ಕ್ರೀನ್ ಮೇಲೆ ಆ ಮೆಸೇಜ್... ಗಡಿಯಾರದ ಗುರುತು ಇನ್ನೂ ಹಾಗೇ ಇತ್ತು.

ಅದನ್ನ ದೇಚಮ್ಮನ ಮುಂದೆ ಹಿಡಿದ್ರು. ಅವಳು ಓದಿ ತಲೆ ತಗ್ಗಿಸಿದ್ಲು.

"ನೀನೇ ಅಳಿಸಮ್ಮ... ನನ್ನ ಕೈಲಿ ಆಗ್ತಿಲ್ಲ," ಅಂದವರೇ ಮಗು ಥರ ಬಿಕ್ಕಿ ಬಿಕ್ಕಿ ಅತ್ರು.

.

ಎಲ್ಲಾ ಚೆನ್ನಾಗಿರುವಾಗ ಕೆಟ್ಟದ್ದನ್ನ ಯೋಚಿಸೋರು ಅಪಶಕುನದವರಲ್ಲ... ನಾವು ಬಿದ್ದಾಗ ಬದುಕೋ ಜಾಗ ಹುಡುಕಿಟ್ಟಿರೋರು.

.

ನಿಮ್ಮ ಮನೇಲೂ ಅಂಥವರೊಬ್ಬರು ಇರ್ತಾರೆ... ಹೆಲ್ಮೆಟ್ ಹಾಕ್ಕೋ, ನಿಧಾನ ಹೋಗು ಅನ್ನೋರು. ಅವರಿಗೆ ಕೊನೇ ಸಲ ನೀವು "ಬಿಡ್ತು ಅನ್ನು" ಅಂತ ರೇಗಿದ್ದು ಯಾವಾಗ?